ಸಾಕು ಅನ್ನುವಷ್ಟು ಹೊತ್ತು

ನಮ್ಮ ಚಿಕ್ಕಮ್ಮನಿಗೆ ಆಸ್ಪತ್ರೆಯಲ್ಲಿ ‘ಸಾಕು ಸಿಸ್ಟರ್’ ಎಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಆ ಹೆಸರು ಹಿಡಿದು ಯಾರಾದರೂ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಸುಟ್ಟಗಾಯದ ವಾರ್ಡಿಗೆ ಅಂಟಿಕೊಂಡ ಡ್ರೆಸಿಂಗ್ ರೂಮಿನಲ್ಲಿ ಅವಳ ಆಯುಷ್ಯದ ಬಹುಪಾಲು ಕಳೆಯಿತು. ಅಲ್ಲಿ ಒಂದು ಎತ್ತರದ ಮಂಚ, ಕೈ ತೊಳೆಯುವ ತೊಟ್ಟಿ, ಬಿಳಿ ಬಣ್ಣ ಚಕ್ಕೆ ಎದ್ದ ಕಬ್ಬಿಣದ ಕಪಾಟು, ಪೂರ್ತಿ ಮುಚ್ಚಲು ಬಾರದ ಒಂದು ಕಿಟಕಿ ಇದ್ದವು. ಕಿಟಕಿ ರಿಪೇರಿ ಮಾಡಿಸಿ ಎಂದು ಅವಳು ಕೊಟ್ಟ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಆ ಸಂದು ಯಾವತ್ತೋ ಮುಚ್ಚಿಹೋಗುತ್ತಿತ್ತು.

ಅವಳ ಕೈಗೆ ಮಾತ್ರ ಕೊಡುತ್ತಿದ್ದ ಕೆಲಸ ಎಂದರೆ ಬಲೂನು ತುಂಬುವುದು. ಸುಟ್ಟು ಗಟ್ಟಿಯಾದ ಚರ್ಮವನ್ನು ಕತ್ತರಿಸಿ ಆ ಜಾಗಕ್ಕೆ ಒಳ್ಳೆಯ ಚರ್ಮ ಎಳೆದು ಹೊಲಿಯಬೇಕಾದರೆ, ಮೊದಲು ಆ ಒಳ್ಳೆಯ ಚರ್ಮ ಎಲ್ಲಾದರೂ ಹುಟ್ಟಬೇಕಲ್ಲ. ಅದಕ್ಕೆ ಡಾಕ್ಟರು ಪಕ್ಕದ ಸುಡದ ಚರ್ಮದ ಕೆಳಗೆ ಒಂದು ಖಾಲಿ ಬಲೂನು ಇಟ್ಟು ಹೊಲಿಯುತ್ತಾರೆ. ವಾರಕ್ಕೊಮ್ಮೆ ಸಣ್ಣ ಸೂಜಿಯಿಂದ ಅದರೊಳಗೆ ಉಪ್ಪುನೀರು ಬಿಡಬೇಕು. ಬಲೂನು ಉಬ್ಬುತ್ತದೆ, ಮೇಲಿನ ಚರ್ಮ ಬಿಗಿಯುತ್ತದೆ, ಬಿಗಿದದ್ದು ಮುಂದಿನ ವಾರದೊಳಗೆ ಸಡಿಲವಾಗುತ್ತದೆ. ಸಡಿಲವಾಗಿದ್ದರೆ ಅಲ್ಲಿ ಹೊಸ ಚರ್ಮ ಹುಟ್ಟುತ್ತಿದೆ ಎಂದು ಅರ್ಥ.

ಎಷ್ಟು ನೀರು ಬಿಡಬೇಕು ಎಂದು ಡಾಕ್ಟರು ಚೀಟಿಯಲ್ಲಿ ಬರೆದಿರುತ್ತಿದ್ದರು. ಚಿಕ್ಕಮ್ಮ ಅದನ್ನು ಓದುತ್ತಿದ್ದಳು, ನಂಬುತ್ತಿರಲಿಲ್ಲ. ಸ್ವಲ್ಪ ನೀರು ಬಿಟ್ಟು, ಉಬ್ಬಿದ ಜಾಗದ ಮೇಲೆ ಹೆಬ್ಬೆರಳು ಒತ್ತುತ್ತಿದ್ದಳು. ಒತ್ತಿದಲ್ಲಿ ಚರ್ಮ ಬೆಳ್ಳಗಾಗುತ್ತದೆ, ಬಿಟ್ಟಮೇಲೆ ರಕ್ತ ವಾಪಸು ಬಂದು ಕೆಂಪಗಾಗುತ್ತದೆ. ಬೆರಳು ಎತ್ತುವಾಗ ‘ಸಾ’ ಎಂದು ಶುರು ಮಾಡಿ, ಎಳೆದು, ‘ಕು’ ಎಂದು ಮುಗಿಸುತ್ತಿದ್ದಳು. ‘ಕು’ ಬರುವುದರೊಳಗೆ ಕೆಂಪು ಬಂದರೆ ಇನ್ನೂ ಸ್ವಲ್ಪ ನೀರು. ‘ಕು’ ಆದಮೇಲೆ ಬಂದರೆ ಆ ದಿನಕ್ಕೆ ಮುಗಿಯಿತು, ಸೂಜಿ ಹೊರಗೆ. ಡಾಕ್ಟರು ಒಂದು ಸಲ ಬಾಗಿಲ ಹಿಂದೆ ನಿಂತು, ಗಡಿಯಾರ ಹಿಡಿದು ಆ ‘ಸಾಕು’ವನ್ನು ಅಳೆದರಂತೆ. ಹತ್ತು ಸಲಕ್ಕೆ ಹತ್ತು ಸಲವೂ ಎರಡು ಸೆಕೆಂಡು. ಅಲ್ಲಿಂದಾಚೆಗೆ ಅವರು ಚೀಟಿಯಲ್ಲಿ ಅಂಕಿ ಬರೆದದ್ದು ಬರೀ ಶಾಸ್ತ್ರಕ್ಕೆ.

ಆ ಮಾತಿಗೆ ಇನ್ನೊಂದು ಅರ್ಥವೂ ಇದೆ. ಇನ್ನು ಬೇಡ ಎನ್ನುವುದಕ್ಕೂ ಸಾಕು ಎನ್ನುತ್ತೇವೆ, ಹೊಟ್ಟೆಗೆ ಹಾಕಿ ಬೆಳೆಸುವುದಕ್ಕೂ ಸಾಕು ಎನ್ನುತ್ತೇವೆ. ನಾನು ಅವಳ ಸಾಕುಮಗಳು, ಅವಳ ಅಕ್ಕನ ಮಗಳು. ಪಕ್ಕದ ಮನೆಯಾಕೆ ತನ್ನ ಮನೆಗೆ ಬಂದವರಿಗೆಲ್ಲ, ಪಾಪ, ಸತ್ತುಹೋದ ಅಕ್ಕನ ಕೂಸನ್ನ ಸಾಕ್ತಿದಾಳೆ ಎಂದು ನನ್ನನ್ನು ತೋರಿಸುತ್ತಿದ್ದಳು. ಅವಳ ಮನೆಯಲ್ಲಿ ಎರಡು ಬೆಕ್ಕು ಸಾಕಿದ್ದರು. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ನನಗೆ ನಾಲ್ಕು ವರ್ಷವಾಗಿದ್ದಾಗ ಅಡುಗೆಮನೆಯ ಸೀಮೆಎಣ್ಣೆ ಸ್ಟವ್ ಸಿಡಿಯಿತು. ಅಮ್ಮ ಕುತ್ತಿಗೆ ಸುಟ್ಟುಕೊಂಡಿದ್ದ ನನ್ನನ್ನು ಎತ್ತಿ ಹೊರಗೆ ಹಾಕಿದಳು, ತಾನು ತಡವಾಗಿ ಬಂದಳು. ಮೂರನೆಯ ದಿನ ತನ್ನ ತಂಗಿ ಕೆಲಸ ಮಾಡುವ ವಾರ್ಡಿನಲ್ಲೇ ಹೋಗಿಬಿಟ್ಟಳು. ಅಪ್ಪ ಎಂಬುವನು ನನ್ನ ನೆನಪಿನಲ್ಲಿ ಇಲ್ಲ, ಅವನ ನೆನಪಿನಲ್ಲೂ ನಾನು ಇದ್ದಂತಿಲ್ಲ. ಚಿಕ್ಕಮ್ಮನಿಗೆ ಆಗ ಇಪ್ಪತ್ನಾಲ್ಕು. ಅವಳನ್ನು ನೋಡಿಹೋಗಿದ್ದ ಗಂಡಿನ ಕಡೆಯವರು ನನ್ನನ್ನೂ ನೋಡಿದರು, ಆಮೇಲೆ ಅವರಿಂದ ಸುದ್ದಿ ಇಲ್ಲ. ಅವಳೂ ಕೇಳಿಕಳಿಸಲಿಲ್ಲ.

ನನ್ನ ಗಾಯ ಮಾಯಿತು, ಆದರೆ ಕುತ್ತಿಗೆಯಲ್ಲಿ ಮಾಯಬಾರದ ಹಾಗೆ ಮಾಯಿತು. ಸುಟ್ಟ ಕಲೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ, ಕುಗ್ಗಿ, ಗದ್ದವನ್ನು ಎದೆಯ ಕಡೆಗೆ ಎಳೆದುಕೊಂಡಿತು. ಏಳನೆಯ ವರ್ಷದ ಹೊತ್ತಿಗೆ ನನಗೆ ಕಾಣುತ್ತಿದ್ದದ್ದು ನೆಲ, ಮೇಜಿನ ಕಾಲು, ಜನರ ಮೊಣಕಾಲು. ಬೀದಿಯಲ್ಲಿ ಎಲ್ಲರನ್ನೂ ಚಪ್ಪಲಿಯಿಂದ ಗುರುತಿಸುತ್ತಿದ್ದೆ. ಅಂಚೆಯವನು ಉಂಗುಷ್ಟ ಹರಿದವನು, ಹಾಲಿನವಳು ಎರಡು ಬೇರೆ ಬೇರೆ ಬಣ್ಣದ ಪಟ್ಟಿಯವಳು. ಫೋಟೋ ತೆಗೆಯುವವನು ಗದ್ದ ಸ್ವಲ್ಪ ಮೇಲೆತ್ತಮ್ಮ ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಶಾಲೆಯ ಮೇಷ್ಟ್ರೊಬ್ಬರು ಕೊನೆಯ ದಿನ ಭಾಷಣ ಮಾಡುತ್ತ, ಮಕ್ಕಳೇ, ಎಲ್ಲಿ ಹೋದರೂ ತಲೆ ಎತ್ತಿ ಬಾಳಿ ಎಂದರು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ನನ್ನ ಕಡೆ ತಿರುಗಿತು. ನಾನೇ ಮೊದಲು ನಕ್ಕೆ, ಇಲ್ಲದಿದ್ದರೆ ಆ ಮೇಷ್ಟ್ರು ಅತ್ತುಬಿಡುತ್ತಿದ್ದರು.

ಚಿಕ್ಕಮ್ಮ ನನ್ನ ಹತ್ತಿರ ಮಾತಾಡುವಾಗ ಯಾವತ್ತೂ ನಿಂತಿರುತ್ತಿರಲಿಲ್ಲ. ಆಸ್ಪತ್ರೆಯವರು ಬಿಸಾಡಿದ್ದ ಒಂದು ಗಿಡ್ಡ ಸ್ಟೂಲನ್ನು ಹೊತ್ತು ತಂದು, ಮುರಿದ ಕಾಲಿಗೆ ಪಟ್ಟಿ ಹೊಡೆಸಿ ಇಟ್ಟುಕೊಂಡಿದ್ದಳು. ಏನಾದರೂ ಹೇಳಬೇಕಾದರೆ ಆ ಸ್ಟೂಲು ಎಳೆದು ನನ್ನ ಮುಂದೆ ಕೂರುತ್ತಿದ್ದಳು. ಆಗ ಅವಳ ಮುಖ ನನ್ನ ಮುಖಕ್ಕಿಂತ ಕೆಳಗೆ, ನನ್ನ ಕಣ್ಣು ಬೀಳುವ ಜಾಗದಲ್ಲಿ ಇರುತ್ತಿತ್ತು. ಬೈಯುವುದಕ್ಕೂ ಹಾಗೇ ಕೂತು ಬೈಯುತ್ತಿದ್ದಳು. ಅದರ ಅರ್ಥ ಏನೆಂದು ಆಗ ನನಗೆ ಹೊಳೆದಿರಲಿಲ್ಲ. ಚಿಕ್ಕಮ್ಮಂದಿರು ಎಂದರೆ ಕೂತು ಮಾತಾಡುವವರು ಎಂದುಕೊಂಡಿದ್ದೆ.

ನನ್ನ ಹದಿನಾರನೆಯ ವರ್ಷದಲ್ಲಿ ಡಾಕ್ಟರು ನನಗೂ ಬಲೂನು ಇಡಬಹುದು ಎಂದರು. ಬಲಗಡೆ, ಕೊರಳಿನ ಬುಡದ ಮೂಳೆಯ ಕೆಳಗೆ, ಬೆಂಕಿ ಮುಟ್ಟದ ಅಗಲವಾದ ಜಾಗವಿತ್ತು. ಅಲ್ಲಿ ಬಲೂನು ಬೆಳೆಸಿ, ಹೊಸ ಚರ್ಮವನ್ನು ಮೇಲಕ್ಕೆ ಎಳೆದು ಕುತ್ತಿಗೆಗೆ ಹೊಲಿದರೆ ಗದ್ದ ಬಿಡುಗಡೆಯಾಗುತ್ತದೆ. ಅಷ್ಟು ದಿನ ಚಿಕ್ಕಮ್ಮ ನನಗೆ ಹಾಲು ಮೊಟ್ಟೆ ತುರುಕಿದ್ದಳು, ಚರ್ಮ ಮಾತ್ರ ಒಂದು ಎಳೆಯೂ ಉದ್ದವಾಗಿರಲಿಲ್ಲ ಎಂದು ನಾನು ಗೊಣಗಿದೆ. ಅವಳು ಸ್ಟೂಲು ಎಳೆದುಕೊಂಡಳು.

“ತಿಂದಿದ್ದಕ್ಕೆ ಮೈ ಬೆಳೆಯುತ್ತೆ ಪುಟ್ಟಿ. ಚರ್ಮ ಬೆಳೀಬೇಕು ಅಂದ್ರೆ ಅದಕ್ಕೆ ಜಾಗ ತೋರಿಸ್ಬೇಕು,” ಅಂದಳು.

ಅವಳು ಬೆರಳಿನಿಂದ ತಿಳಿದುಕೊಂಡಿದ್ದನ್ನು ನಾನು ಈಗ ಕಣ್ಣಿನಿಂದ ನೋಡುತ್ತೇನೆ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಸೂಕ್ಷ್ಮದರ್ಶಕದ ಮುಂದೆ ಕೆಲಸ. ತಲೆ ತಗ್ಗಿಸಿಯೇ ಮಾಡಬೇಕಾದ ಕೆಲಸ, ಬೇಕೆಂದೇ ಆರಿಸಿಕೊಂಡೆ ಎಂದು ಜನ ತಮಾಷೆ ಮಾಡುತ್ತಾರೆ. ಬಲೂನಿನ ಮೇಲಿನ ಚರ್ಮದ ತುಣುಕುಗಳು ಆಗಾಗ ನನ್ನ ಮೇಜಿಗೆ ಬರುತ್ತವೆ. ಚರ್ಮದ ತಳದ ಸಾಲಿನ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಇಕ್ಕಟ್ಟಿನಲ್ಲಿ ಇರುವಷ್ಟು ದಿನ ಅವು ಹೆಚ್ಚುಕಡಿಮೆ ಸುಮ್ಮನಿರುತ್ತವೆ, ಮೇಲೆ ಸವೆದು ಉದುರಿದಷ್ಟಕ್ಕೆ ಮಾತ್ರ ಬದಲಿ ಹುಟ್ಟಿಸುತ್ತವೆ. ಕಾಲ ಕೆಳಗಿನ ನೆಲವನ್ನೇ ಎಳೆದಾಗ ಒಂದೊಂದು ಕೋಶವೂ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಅಕ್ಕಪಕ್ಕದವುಗಳ ಹಿಡಿತ ಬಿಗಿಯಾದದ್ದು ಅದಕ್ಕೆ ತಿಳಿಯುತ್ತದೆ. ಆಗ ಅದು ದುಂಡಗಾಗಿ, ಪಕ್ಕದವುಗಳನ್ನು ಸ್ವಲ್ಪ ಸರಿಸಿ, ಒಂದು ಇದ್ದದ್ದು ಎರಡಾಗುತ್ತದೆ. ಎಳೆತ ಅತಿಯಾದರೆ ಒಳಗಿನ ರಕ್ತನಾಳ ಒತ್ತಿಹೋಗಿ, ಎರಡಾಗಬೇಕಾದದ್ದು ಸತ್ತೇಹೋಗುತ್ತದೆ. ಎಳೆತ ಸಾಲದಿದ್ದರೆ ಏನೂ ಆಗುವುದಿಲ್ಲ. ಈ ಎರಡರ ನಡುವಿನ ಗೆರೆ ಯಾವ ಪುಸ್ತಕದಲ್ಲೂ ಸರಿಯಾಗಿ ಬರೆದಿಲ್ಲ. ಅದು ಚಿಕ್ಕಮ್ಮನ ‘ಸಾ’ಗೂ ‘ಕು’ಗೂ ನಡುವೆ ಇತ್ತು.

ಮೊದಲ ಆರು ವಾರ ಎಲ್ಲ ಸರಿಯಾಗಿ ನಡೆಯಿತು. ಪ್ರತಿ ವಾರ ಮೂವತ್ತು ಎಂ.ಎಲ್. ಹೋಗುತ್ತಿತ್ತು. ನನ್ನ ಕತ್ತಿನ ಕೆಳಗೆ ಒಂದು ದಿಣ್ಣೆ ಎದ್ದಿತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದೆ. ಆಪರೇಷನ್ನಿಗೆ ಡಾಕ್ಟರು ರಜೆಯ ಕೊನೆಯ ವಾರ ದಿನ ಕೊಟ್ಟಿದ್ದರು. ರಜೆ ಮುಗಿದರೆ ನಾನು ಹೊಸ ಕಾಲೇಜು ಸೇರಬೇಕು. ಯಾರೂ ನನ್ನನ್ನು ನೋಡಿರದ ಕಾಲೇಜು. ಅಲ್ಲಿಗೆ ತಲೆ ಎತ್ತಿಕೊಂಡೇ ಕಾಲಿಡಬೇಕು ಎಂದು ಮನಸ್ಸಿನಲ್ಲೇ ಸಾವಿರ ಸಲ ಆ ಗೇಟು ದಾಟಿದ್ದೆ. ಏಳನೆಯ ವಾರ ಡಾಕ್ಟರು ನೋಡಿ, ಇನ್ನೂ ಎರಡು ವಾರದಷ್ಟು ಚರ್ಮ ಬೇಕು, ಈ ರಜೆಗೆ ಆಗುವುದಿಲ್ಲ, ಮುಂದಿನ ರಜೆಗೆ ನೋಡೋಣ ಎಂದು ಹೇಳಿ ಹೋದರು.

ಚಿಕ್ಕಮ್ಮ ಎಂದಿನಂತೆ ಮೂವತ್ತು ತುಂಬಿ, ಒತ್ತಿ, ‘ಸಾಕು’ ಅಂದಳು. ಕೆಂಪು ‘ಕು’ ಜೊತೆಜೊತೆಗೇ ಬಂತು. ಅವಳು ಸೂಜಿ ತೆಗೆಯಲು ಹೋದಾಗ ನಾನು ಅವಳ ಕೈ ಹಿಡಿದೆ. ಎರಡು ವಾರದ ನೀರನ್ನು ಈಗಲೇ ಹಾಕು ಎಂದೆ. ನಾನು ತಡೆದುಕೊಳ್ಳುತ್ತೇನೆ ಎಂದೆ. ತಡೆದುಕೊಳ್ಳಬೇಕಾದವಳು ನೀನಲ್ಲ, ಚರ್ಮ ಎಂದಳು. ಆಗ ನನ್ನ ಬಾಯಿಂದ ಆ ಮಾತು ಬಂತು. ಇಪ್ಪತ್ತು ವರ್ಷ ಆದಮೇಲೂ ಅದನ್ನು ಬರೆಯುವಾಗ ನನ್ನ ಕೈ ಹಿಂಜರಿಯುತ್ತದೆ.

“ಸಾಕಿದವಳು ನೀನು, ಅದಕ್ಕೇ ಸಾಕು ಅಂತೀಯ. ಹೆತ್ತವಳಾಗಿದ್ರೆ ಅಂತಿರಲಿಲ್ಲ.”

ಅವಳು ನನ್ನ ಕೈ ಬಿಡಿಸಿಕೊಂಡಳು. ಸಿರಿಂಜಿಗೆ ಮತ್ತೆ ನೀರು ಎಳೆದಳು. ಹತ್ತು ಬಿಟ್ಟು ಒತ್ತಿದಳು. ನಾನು ಕೈಗನ್ನಡಿ ಹಿಡಿದು ನೋಡುತ್ತಿದ್ದೆ. ಬೆಳ್ಳಗಿನ ಗುರುತು ಹಾಗೇ ನಿಂತಿತು. ಚಿಕ್ಕಮ್ಮ ‘ಸಾ’ ಎಂದು ಶುರು ಮಾಡಿ ಎಳೆದಳು. ಎಳೆದಳು, ಇನ್ನೂ ಎಳೆದಳು, ಕೆಂಪು ಕಾಣುವ ತನಕ ಎಳೆದು ಆಮೇಲೆ ‘ಕು’ ಅಂದಳು. ಹೀಗೆ ಮೂರು ಸಲ. ತನ್ನ ಆಯುಷ್ಯದಲ್ಲಿ ಅವಳು ಮಾಡಿದ ಒಂದೇ ಮೋಸ ಅದು, ಒಂದು ದೀರ್ಘಾಕ್ಷರವನ್ನು ಬೇಕಾದಷ್ಟು ದೀರ್ಘ ಮಾಡಿದ್ದು. ಮೂವತ್ತು ಹೋಗಬೇಕಾದ ದಿನ ಅರವತ್ತು ಹೋಯಿತು. ನನಗೆ ಗೊತ್ತಾಗಿತ್ತು. ನಾನು ಕನ್ನಡಿ ಮಡಿಲಿಗೆ ಹಾಕಿಕೊಂಡು ಸುಮ್ಮನಿದ್ದೆ.

ಮೂರನೆಯ ದಿನ ದಿಣ್ಣೆಯ ನೆತ್ತಿಯಲ್ಲಿ ನೀಲಿ ಮಚ್ಚೆ ಕಂಡಿತು. ಚಿಕ್ಕಮ್ಮ ಕೂಡಲೇ ಸೂಜಿ ಹಾಕಿ ನೀರು ವಾಪಸು ತೆಗೆದಳು, ಆದರೆ ಹೊತ್ತು ಮೀರಿತ್ತು. ಮಚ್ಚೆ ಕಪ್ಪಾಯಿತು, ಐದನೆಯ ದಿನ ಬಿರಿಯಿತು, ಒಳಗಿನ ಬಲೂನಿನ ಹೊಳಪು ಕಂಡಿತು. ಅದನ್ನು ಅವತ್ತೇ ತೆಗೆದುಹಾಕಿದರು. ಏಳು ವಾರ ಬೆಳೆದ ಚರ್ಮ ಕುಗ್ಗಿ ಇನ್ನೊಂದು ಕಲೆಯಾಯಿತು. ಡಾಕ್ಟರು ಯಾರನ್ನೂ ವಿಚಾರಿಸುವ ಮೊದಲೇ ಚಿಕ್ಕಮ್ಮ ಹೋಗಿ, ಅರವತ್ತು ಹಾಕಿದ್ದು ನಾನೇ ಎಂದಳು. ನಾನು ಆಡಿದ ಮಾತನ್ನು ಅವಳು ಹೇಳಲಿಲ್ಲ. ಮಾರನೆಯ ವಾರ ತನ್ನನ್ನು ಬಟ್ಟೆ ದಾಸ್ತಾನಿಗೆ ಹಾಕಿ ಎಂದು ಬರೆದುಕೊಟ್ಟಳು. ಕಿಟಕಿಯ ಅರ್ಜಿಗೆ ವರ್ಷಗಟ್ಟಲೆ ಸಿಗದ ಉತ್ತರ ಈ ಅರ್ಜಿಗೆ ಎರಡೇ ದಿನದಲ್ಲಿ ಬಂತು.

ಹೊಸ ಕಾಲೇಜಿನ ಗೇಟನ್ನು ನಾನು ನೆಲ ನೋಡಿಕೊಂಡೇ ದಾಟಿದೆ. ಮನೆಯಲ್ಲಿ ಒಂದೂವರೆ ವರ್ಷ ಇಬ್ಬರೂ ಬೇಕಾದಷ್ಟೇ ಮಾತಾಡಿದೆವು. ಚಿಕ್ಕಮ್ಮ ದಿನವಿಡೀ ಹಾಸಿಗೆಬಟ್ಟೆ ಎಣಿಸಿ, ಮಡಿಸಿ ಬರುತ್ತಿದ್ದಳು. ಆ ಒಂದು ಮಾತು ಮಾತ್ರ ಅವಳ ಬಾಯಿಂದ ಮಾಯವಾಗಿತ್ತು. ತಟ್ಟೆಗೆ ಬಡಿಸಿದಾಗಲೂ ಸಾಕು ಅನ್ನದೆ ಕೈ ಅಡ್ಡ ಹಿಡಿಯುತ್ತಿದ್ದಳು. ನನಗೆ ಕ್ಷಮಿಸು ಅನ್ನಬೇಕು ಎಂದು ದಿನಾ ಅನ್ನಿಸುತ್ತಿತ್ತು. ದಿನಾ ನುಂಗಿಕೊಂಡೆ. ಅವಳು ಮಾತ್ರ ಆಗಲೂ ಸ್ಟೂಲು ಎಳೆದು ಕೂತೇ, ನಾಳೆ ಕಾಲೇಜು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದಳು.

ಡಾಕ್ಟರು ಮತ್ತೆ ಕರೆಸಿದರು. ಎಡಗಡೆ ಇನ್ನೊಂದು ಜಾಗವಿದೆ, ಅದಕ್ಕೆ ಬಲೂನು ಇಡುತ್ತೇನೆ ಎಂದರು. ಅದೂ ಹೋದರೆ ಹತ್ತಿರದಲ್ಲಿ ಬೇರೆ ಒಳ್ಳೆಯ ಚರ್ಮ ಇಲ್ಲ, ಇದೇ ಕೊನೆ ಎಂದೂ ಸ್ಪಷ್ಟವಾಗಿ ಹೇಳಿದರು. ಹೊಸ ಸಿಸ್ಟರ್ ಒಬ್ಬರು ತುಂಬುತ್ತಾರೆ ಎಂದರು. ಚಿಕ್ಕಮ್ಮನೇ ತುಂಬಬೇಕು, ಇಲ್ಲದಿದ್ದರೆ ನನಗೆ ಬಲೂನೇ ಬೇಡ ಎಂದು ನಾನು ಹಠ ಹಿಡಿದೆ. ಚಿಕ್ಕಮ್ಮ ಆಗುವುದೇ ಇಲ್ಲ ಎಂದಳು. ಇಬ್ಬರ ಹಠವನ್ನೂ ಕೇಳಿ ಕೇಳಿ ಡಾಕ್ಟರು ಕೊನೆಗೆ ಒಂದು ಕಾಗದದಲ್ಲಿ ಅವಳ ಹೆಸರು ಬರೆದು, ಸಹಿ ಹಾಕಿ, ಎದ್ದುಹೋದರು.

ತುಂಬಲು ಶುರು ಮಾಡಿದಾಗ ಗೊತ್ತಾಯಿತು, ಅವಳ ಗಡಿಯಾರ ಕೆಟ್ಟಿದೆ ಎಂದು. ಹತ್ತು ಹಾಕಿ, ಒತ್ತಿ, ಬೆರಳು ಎತ್ತುವ ಮೊದಲೇ ಪಟಕ್ಕನೆ ‘ಸಾಕು’ ಅಂದು ಸೂಜಿ ತೆಗೆದುಬಿಡುತ್ತಿದ್ದಳು. ಅಷ್ಟು ಚಿಕ್ಕ ಮಾತಿನೊಳಗೆ ಯಾವ ರಕ್ತವೂ ಬಂದು ಸೇರಲು ಸಾಧ್ಯವಿರಲಿಲ್ಲ. ನಾಲ್ಕು ವಾರ ಹೀಗೇ ಆಯಿತು. ಬಲೂನು ಸುಕ್ಕಾಗಿಯೇ ಇತ್ತು, ಮೇಲಿನ ಚರ್ಮಕ್ಕೆ ಬಿಗಿಯೇ ಇಲ್ಲ, ಬಿಗಿ ಇಲ್ಲದ ಮೇಲೆ ಬೆಳೆಯುವ ಮಾತೂ ಇಲ್ಲ. ಡಾಕ್ಟರು ಟೇಪು ಹಿಡಿದು ಅಳೆದು, ಹೀಗಾದರೆ ಸೋಂಕು ಬರುವ ಮುಂಚೆ ಇದನ್ನೂ ತೆಗೆಯಬೇಕಾಗುತ್ತದೆ ಎಂದರು. ಮೊದಲ ಸಲ ಅವಸರ ನನ್ನ ಚರ್ಮ ಕೊಂದಿತ್ತು. ಈ ಸಲ ಭಯ ಅದನ್ನು ಹುಟ್ಟಲು ಬಿಡುತ್ತಿರಲಿಲ್ಲ.

ಅವತ್ತು ಮನೆಗೆ ಬಂದು ಅವಳು ಕೂತಿದ್ದ ಆ ಸ್ಟೂಲಿನ ಮುಂದೆ ನಾನೇ ನೆಲದ ಮೇಲೆ ಕೂತೆ. ಅವಳ ಮುಂಗೈ ಎಳೆದುಕೊಂಡು ಹೆಬ್ಬೆರಳು ಒತ್ತಿದೆ. ಒಂದೂವರೆ ವರ್ಷದಲ್ಲಿ ನಾನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಬೆರಳು ಎತ್ತಿ ‘ಸಾ’ ಅಂದೆ. ತುಂಬ ಬೇಗ ‘ಕು’ ಬಂತು. ಮತ್ತೆ ಒತ್ತಿದೆ. ಮೇಜಿನ ಮೇಲಿನ ಅಲಾರಂ ಗಡಿಯಾರದ ಸದ್ದಿಗೆ ಮಾತು ಕೂಡಿಸಲು ನೋಡಿದೆ, ಈ ಸಲ ಉದ್ದವಾಯಿತು. ಅವಳ ಕೈ ತುಂಬ ಬಿಳಿ ಚುಕ್ಕೆ ಎದ್ದು ಕೆಂಪಾಗಿ, ಎದ್ದು ಕೆಂಪಾಗಿ ಆಯಿತು. ಎಷ್ಟು ಹೊತ್ತು ಹಾಗೆ ಕೂತೆವೋ ಗೊತ್ತಿಲ್ಲ. ಕೊನೆಗೆ ಅವಳೇ ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು, ತಾಳು, ಈಗ ಹೇಳು ಎಂದು ತಿದ್ದಿದಳು.

“ಇನ್ಮೇಲೆ ನೀನು ನೀರು ಹಾಕು, ಬೆರಳಿಡು. ಮಾತು ನಾನು ಹೇಳ್ತೀನಿ,” ಅಂದೆ. “ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಆವತ್ತು ಅಂದದ್ದು ತಪ್ಪಾಯ್ತು ಚಿಕ್ಕಮ್ಮ.”

ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಐದನೆಯ ವಾರದಿಂದ ಹಾಗೆಯೇ ನಡೆಯಿತು. ನಾನು ಕೈಗನ್ನಡಿಯಲ್ಲಿ ನೋಡುತ್ತಿದ್ದೆ, ಅವಳು ಹತ್ತು ಹಾಕಿ ಒತ್ತುತ್ತಿದ್ದಳು, ನಾನು ಎರಡು ಸೆಕೆಂಡಿನ ‘ಸಾಕು’ ಹೇಳುತ್ತಿದ್ದೆ. ಕೆಂಪು ಮುಂಚೆ ಬಂದರೆ ಇನ್ನೂ ಹಾಕು ಎನ್ನುತ್ತಿದ್ದೆ. ಅವಳು ಹಾಕುತ್ತಿದ್ದಳು. ಕೆಂಪು ತಡವಾದರೆ ನನಗೇ ಆಸೆ ಹುಟ್ಟುತ್ತಿತ್ತು, ಆ ‘ಸಾ’ವನ್ನು ಒಂದಿಷ್ಟು ಎಳೆದರೆ ಯಾರಿಗೆ ಗೊತ್ತಾಗುತ್ತದೆ ಎಂದು. ಚಿಕ್ಕಮ್ಮ ಅವತ್ತು ಆ ಆಸೆಯನ್ನು ನನಗಾಗಿ ಹೊತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಹದಿನಾಲ್ಕನೆಯ ವಾರ ಕೊನೆಯ ಹತ್ತು ಹೋಯಿತು. ಅವಳು ಬೆರಳು ಎತ್ತಿದಳು, ನಾನು ‘ಸಾಕು’ ಅಂದೆ, ಮಾತು ಮುಗಿದಮೇಲೆ ಕೆಂಪು ಬಂತು. ಅವಳು ಸೂಜಿ ತೆಗೆದು, ಅದನ್ನು ತಟ್ಟೆಗೆ ಹಾಕಿ, ಗೋಡೆ ಕಡೆ ತಿರುಗಿ ಅತ್ತಳು. ನಾನೂ ಅತ್ತೆ.

ಆಪರೇಷನ್ ಆಯಿತು. ಕುತ್ತಿಗೆಯ ಕಲೆಯನ್ನು ಕತ್ತರಿಸಿ ತೆಗೆದು ಎಡಗಡೆಯ ಹೊಸ ಚರ್ಮವನ್ನು ಅಲ್ಲಿಗೆ ಹೊಲಿದರು. ಎರಡು ವಾರ ಭುಜದ ಕೆಳಗೆ ದಿಂಬು ಇಟ್ಟು, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟು ಮಲಗಿಸಿದ್ದರು. ಸೂರು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಒಮ್ಮೊಮ್ಮೆ ಚಿಕ್ಕಮ್ಮನ ಮುಖ ನನ್ನ ಮೇಲೆ ಬಾಗುತ್ತಿತ್ತು, ನೀರು ಕುಡಿಸಿ ಹೋಗುತ್ತಿತ್ತು. ಚರ್ಮ ಹಿಡಿದಿದೆಯೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಹದಿನೈದನೆಯ ದಿನ ಡ್ರೆಸಿಂಗ್ ರೂಮಿನಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ, ಹೊಲಿಗೆ ನೋಡಿ, ಹಿಡಿದಿದೆ ಎಂದರು. ಆಳುಗಳಿಬ್ಬರು ನನ್ನನ್ನು ಎತ್ತಿ ಮಂಚದ ಅಂಚಿಗೆ ಕೂರಿಸಿದರು. ಕಾಲು ಕೆಳಗೆ ಬಿಟ್ಟುಕೊಂಡು ಕೂತೆ. ಬಾಗಿಲು ತೆರೆಯಿತು, ಚಿಕ್ಕಮ್ಮ ಬಂದ ಸದ್ದಾಯಿತು. ಅಲ್ಲಿದ್ದ ಒಂದು ಗಿಡ್ಡ ಸ್ಟೂಲು ನೆಲದ ಮೇಲೆ ಉಜ್ಜಿಕೊಂಡು ಬಂದ ಸದ್ದಾಯಿತು. ಅವಳು ನನ್ನ ಮುಂದೆ ಸ್ಟೂಲು ಎಳೆದು, ಎಂದಿನ ಹಾಗೆ, ನನ್ನ ಕಣ್ಣು ಬೀಳಬೇಕಾದ ಜಾಗದಲ್ಲಿ ಕೂತಿದ್ದಳು. ನನ್ನ ಕಣ್ಣು ಅಲ್ಲಿ ಬೀಳಲಿಲ್ಲ. ನನಗೆ ನೇರ ಎದುರಿಗೆ ಆ ಮುಚ್ಚಲು ಬಾರದ ಕಿಟಕಿ ಕಾಣುತ್ತಿತ್ತು, ಅದರಾಚೆ ಬೆಳಕು ಕಾಣುತ್ತಿತ್ತು. ಚಿಕ್ಕಮ್ಮ ಕಾಣುತ್ತಿರಲಿಲ್ಲ.

“ಎದ್ದು ನಿಂತ್ಕೋ ಚಿಕ್ಕಮ್ಮ,” ಅಂದೆ.

ಏನೋ ಬೇಕಾಗಿದೆ ಎಂದುಕೊಂಡು ಅವಳು ಗಡಿಬಿಡಿಯಿಂದ ಎದ್ದಳು. ಎದ್ದಳು, ಇನ್ನೂ ಎದ್ದಳು. ಅವಳ ಮುಖದ ಹಿಂದೆಯೇ ನನ್ನ ಗದ್ದ ಮೇಲಕ್ಕೆ ಹೋಯಿತು. ಹೊಸ ಚರ್ಮ ಬಿಗಿಯಿತು, ತಡೆಯಿತು, ಇನ್ನೂ ಸ್ವಲ್ಪ ಬಿಟ್ಟುಕೊಟ್ಟಿತು. ಎತ್ತರದ ಹೆಂಗಸು ಎಂದು ಜನ ಅವಳನ್ನು ಅನ್ನುವುದನ್ನು ಕೇಳಿದ್ದೆ. ಎಷ್ಟು ಎತ್ತರ ಎಂದು ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಅವಳು ಅಷ್ಟನ್ನೂ ಮಡಿಸಿಕೊಂಡು ನನ್ನ ಮುಂದೆ ಕೂತಿದ್ದಳು.

ನನ್ನ ಕುತ್ತಿಗೆ ನೋಯಬಹುದು ಎಂದು ಅವಳ ಕೈ ಮತ್ತೆ ಸ್ಟೂಲಿನ ಕಡೆ ಹೋಯಿತು.

“ಕೂತ್ಕೋಬೇಡ,” ಅಂದೆ. “ಸಾಕು, ಕೂತಿದ್ದು.”